ಹೆಸರು ಒಬ್ಬರದು, ಉಸಿರು ಇನ್ನೊಬ್ಬರದು

(ಕೂಟದ ಸಂಸ್ಥಾಪನಾ ದಿನಾಚರಣೆಯಂದು ನೀಡಿದ ಉಪನ್ಯಾಸದ ಪಠ್ಯ)



ವೈದ್ಯರನ್ನು ಭಾಷಣಕ್ಕೆ ಕರೆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೊಬ್ಬು, ಈ ಮೂರರಲ್ಲಿ ಒಂದನ್ನು ಹಿಡಿದುಕೊಂಡು ಬರುತ್ತಾರೆ ಎಂಬ ಭಯ ನಮ್ಮ ಕೂಟಗಳಲ್ಲಿ ಇದ್ದೇ ಇದೆ. ಅದೂ ಹೋಳಿಗೆ ಊಟಕ್ಕೆ ಸ್ವಲ್ಪ ಮುಂಚೆ! ಇವತ್ತು ತಾವು ನಿಶ್ಚಿಂತೆಯಿಂದ ಹೋಳಿಗೆ ತಿನ್ನಬಹುದು. ನಾವು ಮಾತನಾಡಲು ಆರಿಸಿಕೊಂಡಿರುವುದು ಲಾರಿಯ ವಿಷಯ. ಮಣ್ಣು ಅಗೆಯುವ ಯಂತ್ರಗಳಿಗೆ ಜಗತ್ಪ್ರಸಿದ್ಧವಾದ ಒಂದು ಕಂಪನಿ ಮಣ್ಣು ಸಾಗಿಸುವ ಲಾರಿಯ ಮಾರುಕಟ್ಟೆಗೆ ಇಳಿದು, ಐದೇ ವರ್ಷಗಳಲ್ಲಿ ಹಿಂದಕ್ಕೆ ಸರಿದ ಕಥೆ.

ವೈದ್ಯರಿಗೂ ಲಾರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಶ್ವಾಸಕೋಶದ ಮೂಲಕ ಇದೆ. ಇನ್ನೊಂದು ಸಂಬಂಧವೂ ಇದೆ. ಈ ಸಭಾಂಗಣದಲ್ಲಿ ಕುಳಿತಿರುವವರಲ್ಲಿ ಎಷ್ಟೋ ಮಂದಿ ಇಂಜಿನಿಯರುಗಳು. ಯಂತ್ರಗಳನ್ನು ವಿನ್ಯಾಸ ಮಾಡಿ, ಪರೀಕ್ಷಿಸಿ, ಮಾರಿ ಸಂಸಾರ ಕಟ್ಟಿಕೊಂಡವರು. ಒಂದು ದೊಡ್ಡ ಕಂಪನಿ ಹೊಸ ದಾರಿ ಹಿಡಿದರೆ ನಮ್ಮಲ್ಲಿ ಒಬ್ಬರ ಮನೆಗೆ ಬಡ್ತಿ ಬರುತ್ತದೆ. ಅದೇ ದಾರಿಯನ್ನು ಕೈಬಿಟ್ಟರೆ ಇನ್ನೊಬ್ಬರ ಮನೆಯ ಮುಂದೆ 'ಮಾರಾಟಕ್ಕಿದೆ' ಎಂಬ ಫಲಕ ಏಳುತ್ತದೆ. ಆದ್ದರಿಂದ ಇದು ನಮ್ಮ ಕಥೆಯೂ ಹೌದು.

ಈ ಕಂಪನಿಯ ಹೆಸರು ಕ್ಯಾಟರ್‌ಪಿಲ್ಲರ್, ಅಂದರೆ ಕಂಬಳಿಹುಳು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಮುತ್ತಲ ಜೌಗು ನೆಲದಲ್ಲಿ ಭಾರವಾದ ಉಳುವ ಯಂತ್ರಗಳು ಹೂತುಹೋಗುತ್ತಿದ್ದವು. ಬೆಂಜಮಿನ್ ಹೋಲ್ಟ್ ಎಂಬಾತ 1904ರ ನವೆಂಬರಿನಲ್ಲಿ ಚಕ್ರಗಳನ್ನು ತೆಗೆದು, ಮರದ ಹಲಗೆಗಳ ಸರಪಳಿಪಟ್ಟಿಯ ಮೇಲೆ ಯಂತ್ರವನ್ನು ಓಡಿಸಿ ನೋಡಿದ. ಯಂತ್ರ ಹೂಳದೆ ತೆವಳಿಕೊಂಡು ಹೋಯಿತು. ನೋಡಿದವರಿಗೆ ಕಂಬಳಿಹುಳು ನೆನಪಾಯಿತು, ಅದೇ ಹೆಸರು ನಿಂತಿತು. 1925ರಲ್ಲಿ ಹೋಲ್ಟ್ ಕಂಪನಿಯೂ ಪ್ರತಿಸ್ಪರ್ಧಿ ಬೆಸ್ಟ್ ಕಂಪನಿಯೂ ಒಂದಾಗಿ ಇಂದಿನ ಸಂಸ್ಥೆ ಹುಟ್ಟಿತು. 1931ರಲ್ಲಿ ಅದು ಡೀಸೆಲ್‌ನಿಂದ ನಡೆಯುವ ಸರಪಳಿ ಟ್ರ್ಯಾಕ್ಟರನ್ನು ಹೊರತಂದಿತು. ಇಲಿನಾಯ್ ರಾಜ್ಯದ ಪಿಯೋರಿಯಾ ಅದರ ಊರಾಯಿತು. ಅಣೆಕಟ್ಟು, ಹೆದ್ದಾರಿ, ಗಣಿ, ಎಲ್ಲಿ ನೋಡಿದರೂ ಅದರ ಹಳದಿ ಬಣ್ಣ.

ಆ ಹಳದಿ ಬಣ್ಣ ಹೆದ್ದಾರಿಯ ಲಾರಿಗಳ ಒಳಗೂ ಇತ್ತು. ಕಂಪನಿ ಲಾರಿ ಮಾಡುತ್ತಿರಲಿಲ್ಲ, ಆದರೆ ಲಾರಿಯ ಇಂಜಿನನ್ನು ಮಾಡುತ್ತಿತ್ತು. ಪೀಟರ್‌ಬಿಲ್ಟ್, ಕೆನ್‌ವರ್ತ್, ಫ್ರೈಟ್‌ಲೈನರ್ ಲಾರಿಗಳನ್ನು ಕೊಳ್ಳುವವರು ಕ್ಯಾಟ್ ಇಂಜಿನನ್ನೇ ಕೇಳಿ ಹಾಕಿಸಿಕೊಳ್ಳುತ್ತಿದ್ದ ಕಾಲವಿತ್ತು. ಹಳೆಯ ಚಾಲಕರು 3406 ಎಂಬ ಸಂಖ್ಯೆಯನ್ನು ಮನೆದೇವರ ಹೆಸರಿನಂತೆ ಹೇಳುವುದನ್ನು ನಾವು ಕೇಳಿದ್ದೇವೆ. ಲಾರಿಯ ಮೈ ಯಾರದೇ ಆಗಿರಲಿ, ಎದೆಯೊಳಗಿನ ಹೃದಯ ತಮ್ಮದು ಎಂಬ ಹೆಮ್ಮೆ ಕಂಪನಿಗಿತ್ತು.

ಇಲ್ಲಿಂದ ಕಥೆ ನಮ್ಮ ವೃತ್ತಿಯ ಕಡೆಗೆ ತಿರುಗುತ್ತದೆ. ಡೀಸೆಲ್ ಇಂಜಿನು ಶಕ್ತಿವಂತ, ದೀರ್ಘಾಯು, ಮಿತವ್ಯಯಿ. ಅದರ ದೋಷ ಹೊಗೆ. ಹೊಗೆಯಲ್ಲಿ ಎರಡು ಪದಾರ್ಥಗಳು ವೈದ್ಯರಾದ ನಮಗೆ ಮುಖ್ಯ. ಒಂದು, ಮಸಿಯ ಕಣ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ; ಈ ಕಣಗಳು ಎರಡೂವರೆ ಮೈಕ್ರಾನಿಗಿಂತ ಸಣ್ಣವು. ಮೂಗಿನ ಕೂದಲೂ ಗಂಟಲಿನ ಲೋಳೆಯೂ ಇವನ್ನು ತಡೆಯಲಾರವು. ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಎರಡನೆಯದು ಸಾರಜನಕದ ಆಕ್ಸೈಡುಗಳು. ಬಿಸಿಲಿನಲ್ಲಿ ಇವು ಓಜೋನ್ ಆಗಲು ಕಾರಣವಾಗಿ ಅಸ್ತಮಾ ಇರುವ ಮಕ್ಕಳನ್ನು ಆಸ್ಪತ್ರೆಗೆ ತರುತ್ತವೆ.

ಇದು ಹೆದರಿಸುವ ಮಾತಲ್ಲ. ಅಮೆರಿಕದ ಆರು ಊರುಗಳ ಸಾವಿರಾರು ಜನರನ್ನು ವರ್ಷಗಟ್ಟಲೆ ಅನುಸರಿಸಿದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. ಗಾಳಿ ಅತ್ಯಂತ ಮಲಿನವಾಗಿದ್ದ ಊರಿನಲ್ಲಿ ಸಾವಿನ ಪ್ರಮಾಣ ಅತ್ಯಂತ ಶುದ್ಧವಾಗಿದ್ದ ಊರಿಗಿಂತ ಶೇಕಡಾ 26ರಷ್ಟು ಹೆಚ್ಚು ಎಂದು ಅದು ಕಂಡುಕೊಂಡಿತು. ಸಿಗರೇಟು ಮುಂತಾದ ಕಾರಣಗಳನ್ನು ಲೆಕ್ಕದಿಂದ ಕಳೆದ ಮೇಲೆ ಉಳಿದ ವ್ಯತ್ಯಾಸ ಅದು. 2012ರ ಜೂನಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಅಮೆರಿಕ ಸರ್ಕಾರ ಕೈಕಟ್ಟಿ ಕುಳಿತಿರಲಿಲ್ಲ. ಲಾರಿ ಇಂಜಿನಿನ ಪ್ರತಿ ಅಶ್ವಶಕ್ತಿ-ಗಂಟೆಗೆ ಮಸಿಯ ಮಿತಿ 1988ರಲ್ಲಿ 0.60 ಗ್ರಾಂ ಇದ್ದದ್ದು 1994ರಲ್ಲಿ 0.10ಕ್ಕೆ, 2007ರಲ್ಲಿ 0.01ಕ್ಕೆ ಇಳಿಯಿತು. ಅಂದರೆ ಅರವತ್ತರಲ್ಲಿ ಒಂದು ಪಾಲು. ಸಾರಜನಕದ ಆಕ್ಸೈಡುಗಳ ಮಿತಿ 1990ರ 6 ಗ್ರಾಮಿನಿಂದ 2010ಕ್ಕೆ 0.20 ಗ್ರಾಮಿಗೆ ಬಂತು. ನಡುವೆ 1998ರಲ್ಲಿ ಒಂದು ದೊಡ್ಡ ಪ್ರಕರಣವೂ ನಡೆಯಿತು. ಪರೀಕ್ಷೆಯಲ್ಲಿ ಒಂದು ರೀತಿ, ಹೆದ್ದಾರಿಯಲ್ಲಿ ಇನ್ನೊಂದು ರೀತಿ ಹೊಗೆಯುಗುಳುವ ಇಂಜಿನುಗಳನ್ನು ಮಾರಿದರೆಂಬ ಆರೋಪದ ಮೇಲೆ ಏಳು ತಯಾರಕರು ಸರ್ಕಾರದೊಂದಿಗೆ ರಾಜಿ ಮಾಡಿಕೊಂಡರು. ಕ್ಯಾಟರ್‌ಪಿಲ್ಲರ್ ಅವರಲ್ಲಿ ಒಂದು, ನ್ಯಾವಿಸ್ಟಾರ್ ಇನ್ನೊಂದು. ಈ ಎರಡು ಹೆಸರುಗಳನ್ನು ನೆನಪಿಟ್ಟುಕೊಳ್ಳಿ.

ನಿಯಮ ಬಿಗಿಯಾದಂತೆ ಇಂಜಿನು ಜಟಿಲವಾಯಿತು, ದುಬಾರಿಯಾಯಿತು. ಅದೇ ಹೊತ್ತಿಗೆ ಲಾರಿ ತಯಾರಕರು ತಮ್ಮ ಮನೆಯ ಇಂಜಿನನ್ನೇ ತಮ್ಮ ಲಾರಿಗೆ ಹಾಕತೊಡಗಿದರು. ವೋಲ್ವೋ, ಮ್ಯಾಕ್, ಡೈಮ್ಲರ್, ಎಲ್ಲರದೂ ಅದೇ ದಾರಿ. ಬೇರೆಯವರ ಲಾರಿಗೆ ಹೃದಯ ಮಾರುತ್ತಿದ್ದವನಿಗೆ ಕೊಳ್ಳುವವರು ಕಡಿಮೆಯಾದರು. 2008ರ ಜೂನಿನಲ್ಲಿ ಕ್ಯಾಟರ್‌ಪಿಲ್ಲರ್ ಎರಡು ನಿರ್ಧಾರಗಳನ್ನು ಒಟ್ಟಿಗೆ ಪ್ರಕಟಿಸಿತು. ಒಂದು, 2010ರ ನಿಯಮಕ್ಕೆ ತಕ್ಕ ಹೆದ್ದಾರಿ ಇಂಜಿನನ್ನು ತಾನು ಮಾಡುವುದಿಲ್ಲ. ಎರಡು, ನ್ಯಾವಿಸ್ಟಾರ್ ಜೊತೆ ಸೇರಿ ತನ್ನದೇ ಹೆಸರಿನ ಕೆಲಸದ ಲಾರಿಯನ್ನು ಮಾರುತ್ತದೆ.

ಕೆಲಸದ ಲಾರಿ ಎಂದರೆ ಊರಿಂದೂರಿಗೆ ಸರಕು ಎಳೆಯುವ ಲಾರಿಯಲ್ಲ. ಜಲ್ಲಿ ಸುರಿಯುವ, ಕಾಂಕ್ರೀಟು ಕಲಸುವ, ಕಸ ಒಯ್ಯುವ ಲಾರಿ. ನಿರ್ಮಾಣದ ಜಾಗದಲ್ಲಿ ಅರ್ಧ ದಿನ, ಡಾಂಬರು ರಸ್ತೆಯ ಮೇಲೆ ಅರ್ಧ ದಿನ. ಬುಲ್ಡೋಜರ್ ಕೊಂಡ ಗುತ್ತಿಗೆದಾರನೇ ಈ ಲಾರಿಯನ್ನೂ ಕೊಳ್ಳುತ್ತಾನೆ. ಅವನಿಗೆ ಕ್ಯಾಟ್ ಮಾರಾಟಗಾರ ಪರಿಚಿತ. ನಡುರಾತ್ರಿ ಬಿಡಿಭಾಗ ಬೇಕೆಂದರೂ ತಂದುಕೊಡುವ ಜಾಲ ಅವರದು. ಅಷ್ಟಲ್ಲದೆ ಗಣಿಗಳಲ್ಲಿ ಓಡುವ 797 ಎಂಬ ದೈತ್ಯ ಟ್ರಕ್ಕನ್ನು ಮಾಡುವ ಕಂಪನಿ ಅದು. ಅದರ 797ಎಫ್ ಮಾದರಿ ಒಂದೇ ಸಲಕ್ಕೆ 360 ಟನ್ನಿಗಿಂತ ಹೆಚ್ಚು ಹೊರುತ್ತದೆ, ಟೈರಿನ ಎತ್ತರವೇ ಇಬ್ಬರು ಆಳುಗಳನ್ನು ಮೀರುತ್ತದೆ. ಆನೆ ಸಾಕಿದವನಿಗೆ ಎತ್ತು ಸಾಕುವುದು ಕಷ್ಟವೇ? ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇತ್ತು.

2011ರ ಮಾರ್ಚಿನಲ್ಲಿ ಲಾಸ್ ವೇಗಾಸ್‌ನ ನಿರ್ಮಾಣ ಯಂತ್ರಗಳ ಮಹಾಪ್ರದರ್ಶನದಲ್ಲಿ ಸಿಟಿ660 ಎಂಬ ಲಾರಿಯ ಅನಾವರಣವಾಯಿತು. ನೋಡಲು ಚಂದದ ಲಾರಿ. ಗೇರು ಬದಲಿಸುವ ಸ್ವಯಂಚಾಲಿತ ಪೆಟ್ಟಿಗೆ ಕ್ಯಾಟರ್‌ಪಿಲ್ಲರ್‌ನ ಸ್ವಂತದ್ದು, ಅದಕ್ಕೆ ಒಳ್ಳೆಯ ಹೆಸರೂ ಬಂತು. ಆದರೆ ಲಾರಿ ತಯಾರಾಗುತ್ತಿದ್ದದ್ದು ನ್ಯಾವಿಸ್ಟಾರ್‌ನ ಟೆಕ್ಸಾಸ್ ಕಾರ್ಖಾನೆಯಲ್ಲಿ. ಸಿಟಿ11, ಸಿಟಿ13 ಎಂದು ಕ್ಯಾಟ್ ಹೆಸರು ಹೊತ್ತ ಇಂಜಿನುಗಳು ನ್ಯಾವಿಸ್ಟಾರ್‌ನ ಮ್ಯಾಕ್ಸ್‌ಫೋರ್ಸ್ ವಂಶದವು. ಹಿಂದೆ ಬೇರೆಯವರ ಮೈಗೆ ತನ್ನ ಹೃದಯ ಕೊಡುತ್ತಿದ್ದ ಕಂಪನಿ ಈಗ ಬೇರೆಯವರ ಹೃದಯಕ್ಕೆ ತನ್ನ ಹೆಸರು ಕೊಟ್ಟಿತು.

ಆ ಹೃದಯದ ಉಸಿರಾಟ ಹೇಗಿತ್ತೆಂದು ವೈದ್ಯರ ಭಾಷೆಯಲ್ಲಿ ಹೇಳುತ್ತೇವೆ. 2010ರ ಮಿತಿಯನ್ನು ತಲುಪಲು ಎರಡು ದಾರಿಗಳಿದ್ದವು. ಮೊದಲನೆಯದರಲ್ಲಿ ಇಂಜಿನು ತನ್ನ ಹೊಗೆಯ ಒಂದು ಭಾಗವನ್ನು ತಂಪು ಮಾಡಿಕೊಂಡು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಮುಖಕ್ಕೆ ಕಾಗದದ ಚೀಲ ಹಿಡಿದು ತಾನು ಬಿಟ್ಟ ಉಸಿರನ್ನು ತಾನೇ ಎಳೆದಂತೆ. ಆಮ್ಲಜನಕ ಕಡಿಮೆಯಾಗಿ ಉರಿಯ ತಾಪ ಇಳಿಯುತ್ತದೆ, ಸಾರಜನಕದ ಆಕ್ಸೈಡುಗಳು ಕಡಿಮೆಯಾಗುತ್ತವೆ. ಸ್ವಲ್ಪವಾದರೆ ಒಳ್ಳೆಯದೇ, ಎಲ್ಲರೂ ಮಾಡುತ್ತಾರೆ. ಅತಿಯಾದರೆ ಮಸಿ ಹೆಚ್ಚುತ್ತದೆ, ಹೊಗೆ ತಂಪಾಗಿಸುವ ಭಾಗಗಳು ದಣಿಯುತ್ತವೆ.

ಎರಡನೆಯ ದಾರಿ ಯೂರಿಯಾ. ನಮಗೆ ವೈದ್ಯರಿಗೆ ಅದು ರಕ್ತಪರೀಕ್ಷೆಯ ಕಾಗದದ ಮೇಲಿನ ಹೆಸರು. ಮಂಡ್ಯದ ರೈತನಿಗೆ ಗೊಬ್ಬರದ ಚೀಲ. ಲಾರಿ ಚಾಲಕನಿಗೆ ನೀಲಿ ಮುಚ್ಚಳದ ತೊಟ್ಟಿ. ಶುದ್ಧ ನೀರಿನಲ್ಲಿ ಶೇಕಡಾ 32.5ರಷ್ಟು ಯೂರಿಯಾ ಕರಗಿಸಿ ಬಿಸಿ ಹೊಗೆಗೆ ಸಿಂಪಡಿಸಿದರೆ ಅಮೋನಿಯಾ ಹುಟ್ಟುತ್ತದೆ. ಅದು ವೇಗವರ್ಧಕದ ಮೇಲೆ ಸಾರಜನಕದ ಆಕ್ಸೈಡುಗಳೊಂದಿಗೆ ಸೇರಿ, ಕೊನೆಗೆ ಉಳಿಯುವುದು ಬರೀ ಸಾರಜನಕ ಮತ್ತು ನೀರು. ಇಂಜಿನು ಆರಾಮವಾಗಿ ಉಸಿರಾಡುತ್ತದೆ, ಶುದ್ಧಿಯ ಕೆಲಸ ಹೊರಗೆ ನಡೆಯುತ್ತದೆ. ಒಂದು ರೀತಿಯಲ್ಲಿ ಅದು ಲಾರಿಯ ಮೂತ್ರಪಿಂಡ.

ಉಳಿದ ಪ್ರಮುಖ ತಯಾರಕರು ಎರಡನೆಯ ದಾರಿ ಹಿಡಿದರು. ನ್ಯಾವಿಸ್ಟಾರ್ ಒಂದೇ ಮೊದಲನೆಯದಕ್ಕೆ ಅಂಟಿಕೊಂಡಿತು. ಚಾಲಕನಿಗೆ ಯೂರಿಯಾ ತುಂಬಿಸುವ ರಗಳೆ ಇರಬಾರದು ಎಂಬುದು ಅದರ ವಾದ. ಆದರೆ ಅದರ ಇಂಜಿನುಗಳು 0.20 ಗ್ರಾಮಿಗೆ ಇಳಿಯಲಿಲ್ಲ, 0.50ರ ಮಟ್ಟದಲ್ಲಿ ನಿಂತು, ಹಿಂದೆ ಗಳಿಸಿಟ್ಟ ರಿಯಾಯಿತಿ ಅಂಕಗಳ ಬಲದಿಂದ ಮಾರಾಟವಾದವು. ಉಳಿತಾಯ ಖಾತೆಯ ಹಣದಿಂದ ಎಷ್ಟು ದಿನ ಸಂಸಾರ ನಡೆದೀತು? 2012ಕ್ಕೆ ಅಂಕಗಳು ಮುಗಿಯತೊಡಗಿದವು. ದಂಡ ಕಟ್ಟಿ ಮಾರಲು ಸರ್ಕಾರ ಅವಕಾಶ ಕೊಟ್ಟಿತು. ಪ್ರತಿಸ್ಪರ್ಧಿಗಳು ಕೋರ್ಟಿಗೆ ಹೋದರು. ಆ ವರ್ಷದ ಜೂನಿನಲ್ಲಿ ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಮರು ತಿಂಗಳೇ ನ್ಯಾವಿಸ್ಟಾರ್ ಯೂರಿಯಾ ದಾರಿಗೆ ಬರುವುದಾಗಿ ಒಪ್ಪಿಕೊಂಡಿತು. 2011ರಿಂದ 2014ರವರೆಗಿನ ಮಾದರಿಯ ತನ್ನ ಲಾರಿಗಳ ಮ್ಯಾಕ್ಸ್‌ಫೋರ್ಸ್ ಇಂಜಿನುಗಳ ಬಗ್ಗೆ ಗ್ರಾಹಕರು ಹೂಡಿದ ಮೊಕದ್ದಮೆಗಳಲ್ಲಿ 2019ರಲ್ಲಿ 13.5 ಕೋಟಿ ಡಾಲರಿನ ರಾಜಿಗೂ ಅದು ಒಪ್ಪಿತು.

ಪಾಲುಗಾರನ ಇಂಜಿನು ಕೆಮ್ಮಿದಾಗ ಗುತ್ತಿಗೆದಾರ ಓಡಿ ಬರುವುದು ಯಾರ ಬಾಗಿಲಿಗೆ? ಲಾರಿಯ ಹಣೆಯ ಮೇಲೆ ಯಾರ ಹೆಸರಿದೆಯೋ ಅವರ ಬಾಗಿಲಿಗೆ. ಅವನಿಗೆ ಒಳಗಿನ ಒಪ್ಪಂದ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ.

ಕ್ಯಾಟರ್‌ಪಿಲ್ಲರ್‌ಗೆ ಇದು ಅರ್ಥವಾಗಿರಲೇಬೇಕು. 2015ರ ಜುಲೈನಲ್ಲಿ ಅದು ನ್ಯಾವಿಸ್ಟಾರ್ ಜೊತೆಗಿನ ತಯಾರಿಕೆಯ ಒಪ್ಪಂದ ಮುಗಿಸಿ, 2016ರಿಂದ ಟೆಕ್ಸಾಸ್‌ನ ವಿಕ್ಟೋರಿಯಾದಲ್ಲಿರುವ ತನ್ನದೇ ಕಾರ್ಖಾನೆಯಲ್ಲಿ ಲಾರಿ ಮಾಡುವುದಾಗಿ ಹೇಳಿತು. ಆದರೆ ಕಾಲ ಅನುಕೂಲವಾಗಿರಲಿಲ್ಲ. ಗಣಿಗಾರಿಕೆ ಕುಸಿದಿತ್ತು, ತೈಲದ ಬೆಲೆ ಬಿದ್ದಿತ್ತು. 2012ರಲ್ಲಿ ಸುಮಾರು 66 ಬಿಲಿಯನ್ ಡಾಲರ್ ಇದ್ದ ಕಂಪನಿಯ ವಹಿವಾಟು 2015ಕ್ಕೆ 47 ಬಿಲಿಯನ್ನಿಗೆ ಇಳಿದಿತ್ತು. 2015ರ ಸೆಪ್ಟೆಂಬರಿನಲ್ಲಿ ಅದು ಹತ್ತು ಸಾವಿರದವರೆಗೆ ಕೆಲಸಗಳನ್ನು ಕಡಿತ ಮಾಡುವ ಯೋಜನೆ ಪ್ರಕಟಿಸಿತ್ತು. ಅಂಥ ಹೊತ್ತಿನಲ್ಲಿ, 2016ರ ಫೆಬ್ರವರಿಯಲ್ಲಿ, ಕೆಲಸದ ಲಾರಿಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಹೇಳಿತು. ಈಗಾಗಲೇ ಮಾರಿರುವ ಲಾರಿಗಳಿಗೆ ಸೇವೆ ಮುಂದುವರಿಯುತ್ತದೆ ಎಂಬ ಭರವಸೆಯನ್ನೂ ಕೊಟ್ಟಿತು. ಸ್ವಂತ ಉಸಿರು ಎಳೆಯುವ ಮನಸ್ಸು ಮಾಡಿದ ಕೆಲವೇ ತಿಂಗಳಲ್ಲಿ ಉಸಿರು ನಿಂತಿತು.

ಇಂಥ ಸಾಹಸ ನಮ್ಮ ನಾಡಿಗೂ ಹೊಸದಲ್ಲ. ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್, ಅಂದರೆ ನಮ್ಮ ಬೆಮೆಲ್, ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿಯೂ ಮೈಸೂರಿನಲ್ಲಿಯೂ ಬುಲ್ಡೋಜರು, ಡಂಪರುಗಳನ್ನು ಮಾಡುತ್ತ ಬೆಳೆದ ಸಂಸ್ಥೆ. 1986ರಲ್ಲಿ ಅದು ಚೆಕೊಸ್ಲೊವಾಕಿಯಾದ ಟಾಟ್ರಾ ಲಾರಿಯನ್ನು ಸೈನ್ಯಕ್ಕಾಗಿ ಕೈಗೆತ್ತಿಕೊಂಡಿತು. ಟಾಟ್ರಾ ಗಟ್ಟಿ ಲಾರಿ, ಮರುಭೂಮಿಯಲ್ಲೂ ಹಿಮಾಲಯದಲ್ಲೂ ದುಡಿಯಿತು. ಆದರೆ ರಸ್ತೆಯ ಎಡಗಡೆ ಓಡಿಸುವ ನಮ್ಮ ದೇಶದಲ್ಲಿ ಅದರ ಸ್ಟಿಯರಿಂಗ್ ಚಕ್ರ ಎಡಗಡೆಯೇ ಉಳಿಯಿತು. 2012ರಲ್ಲಿ ಅದರ ಖರೀದಿಯ ಬಗ್ಗೆ ದೊಡ್ಡ ವಿವಾದ ಎದ್ದಾಗ, ಇಷ್ಟು ವರ್ಷಗಳಾದರೂ ಎಷ್ಟು ಭಾಗ ನಮ್ಮದಾಗಿದೆ ಎಂಬ ಪ್ರಶ್ನೆಯನ್ನು ಇಡೀ ದೇಶ ಕೇಳಿತು. ಹೊರಗಿನಿಂದ ತರುವುದು ತಪ್ಪಲ್ಲ. ತಂದದ್ದನ್ನು ನಮ್ಮ ರಸ್ತೆಗೆ ಒಗ್ಗಿಸಿಕೊಳ್ಳದಿದ್ದರೆ ಅದು ಎಷ್ಟು ವರ್ಷವಾದರೂ ಅತಿಥಿಯೇ.

ಬಂಧುಗಳೆ, ಈ ಕಥೆಯನ್ನು ಕೇಳಿದ ನಮ್ಮ ಇಂಜಿನಿಯರ್ ಮಿತ್ರರು ಕೆಲವರು, 'ಎಲ್ಲಕ್ಕೂ ಸರ್ಕಾರದ ಹೊಗೆ ನಿಯಮವೇ ಕಾರಣ' ಎನ್ನುತ್ತಾರೆ. ಅವರ ನೋವು ನಮಗೆ ತಿಳಿಯುತ್ತದೆ. ಒಂದು ನಿಯಮದ ಬೆಲೆಯನ್ನು ಮೊದಲು ತೆರುವವರು ಕಾರ್ಖಾನೆಯ ಜನ. ಆದರೆ ನಿಯಮವಿಲ್ಲದಿದ್ದರೂ ಬೆಲೆ ಇದ್ದೇ ಇರುತ್ತದೆ. ಅದನ್ನು ಹೆದ್ದಾರಿಯ ಪಕ್ಕದ ಬಾಡಿಗೆ ಮನೆಯ ಮಗು ತೆರುತ್ತದೆ, ಲಾರಿ ನಿಲ್ದಾಣದಲ್ಲಿ ಮೂವತ್ತು ವರ್ಷ ದುಡಿದ ಮೆಕ್ಯಾನಿಕ್ ತೆರುತ್ತಾನೆ. ಆ ಬಿಲ್ಲಿನ ಮೇಲೆ ಯಾವ ಕಂಪನಿಯ ಹೆಸರೂ ಇರುವುದಿಲ್ಲ, ಅಷ್ಟೇ. ನಾವು ವೈದ್ಯರು ಆ ಬಿಲ್ಲನ್ನು ಎದೆಯ ಎಕ್ಸ್‌ರೇಯಲ್ಲಿ ಓದುವವರು. ಅದೂ ಅಲ್ಲದೆ ನಿಯಮ ಪಾಲಿಸುವುದು ಅಸಾಧ್ಯವಾಗಿರಲಿಲ್ಲ. ಬೇರೆಯವರು ಸಾಧಿಸಿದರು. ಕ್ಯಾಟರ್‌ಪಿಲ್ಲರ್ ಕೂಡ ತನ್ನ ಮಣ್ಣಿನ ಯಂತ್ರಗಳಿಗೆ ಬಂದ ಬಿಗಿ ನಿಯಮಗಳನ್ನು ಮುಂದೆ ಯೂರಿಯಾ ಬಳಸಿಯೇ ನಿಭಾಯಿಸಿತು. ಶಕ್ತಿ ಇತ್ತು, ಯಾವ ಮನೆಯಲ್ಲಿ ಅದನ್ನು ಖರ್ಚು ಮಾಡಬೇಕೆಂಬ ಆಯ್ಕೆ ಬೇರೆಯಾಯಿತು.

ಇದರಲ್ಲಿ ನಮಗೇನು ಪಾಠ? ಕಡಲು ದಾಟಿ ಬಂದ ನಾವೆಲ್ಲ ಹೊಸ ಮಾರುಕಟ್ಟೆಗೆ ಇಳಿದವರೇ. ವೈದ್ಯರ ಉದಾಹರಣೆಯನ್ನೇ ತೆಗೆದುಕೊಳ್ಳಿ. ಎಂ.ಬಿ.ಬಿ.ಎಸ್. ಮುಗಿಸಿ, ಊರಿನಲ್ಲಿ ಡಾಕ್ಟರೆನಿಸಿಕೊಂಡು ಬಂದ ನಾವು ಇಲ್ಲಿ ಮತ್ತೆ ಪರೀಕ್ಷೆ ಬರೆದು, ರೆಸಿಡೆನ್ಸಿ ಎಂಬ ಹೆಸರಿನಲ್ಲಿ ರಾತ್ರಿ ಪಾಳಿಗಳನ್ನು ಮಾಡಿ, ನಮಗಿಂತ ಚಿಕ್ಕವರ ಕೈಕೆಳಗೆ ಕಲಿತೆವು. ಆಗ ಎಲ್ಲರಿಗೂ ಬೇಸರವೇ. 'ಇದೆಲ್ಲ ನಮಗೆ ಗೊತ್ತಿತ್ತಲ್ಲ' ಎನಿಸುತ್ತಿತ್ತು. ಆದರೆ ರೋಗಿ ರಾತ್ರಿ ಮೂರು ಗಂಟೆಗೆ ಏದುಸಿರು ಬಿಡುವಾಗ ಹಳೆಯ ಪದವಿಪತ್ರ ಕೆಲಸಕ್ಕೆ ಬರುವುದಿಲ್ಲ. ಇಲ್ಲಿಯ ವಾರ್ಡಿನಲ್ಲಿ ನಮ್ಮ ಕೈಯಾರೆ ಕಲಿತದ್ದು ಬರುತ್ತದೆ. ಹೆಸರು ನಮ್ಮನ್ನು ಬಾಗಿಲವರೆಗೆ ಕರೆದೊಯ್ಯುತ್ತದೆ. ಒಳಗೆ ನಡೆಯಬೇಕಾದರೆ ಸ್ವಂತ ಉಸಿರು ಬೇಕು.

ಹೊಸ ವ್ಯಾಪಾರಕ್ಕೆ ಇಳಿಯಬೇಕೆನ್ನುವ ನಮ್ಮ ತರುಣರಿಗೂ ಅದನ್ನೇ ಹೇಳಬಯಸುತ್ತೇವೆ. ಪಾಲುಗಾರಿಕೆ ಬೇಡವೆಂದಲ್ಲ. ಆದರೆ ಗ್ರಾಹಕ ಯಾವುದಕ್ಕಾಗಿ ನಿಮ್ಮನ್ನು ನಂಬುತ್ತಾನೋ ಆ ಒಂದು ವಸ್ತು ನಿಮ್ಮ ಕೈಯಲ್ಲಿರಲಿ. ಅದನ್ನೇ ಬೇರೆಯವರಿಗೆ ಬಿಟ್ಟುಕೊಟ್ಟು, ನಾಮಫಲಕವನ್ನು ಮಾತ್ರ ಇಟ್ಟುಕೊಂಡರೆ ಅವರ ಕೆಮ್ಮಿಗೆ ನೀವು ಔಷಧಿ ಕುಡಿಯಬೇಕಾಗುತ್ತದೆ.

ಹಿಂದೆ ಸರಿಯಬೇಕಾದವರಿಗೂ ಒಂದು ಮಾತು. ನಮ್ಮ ಕೂಟದ ಮನೆಗಳಲ್ಲೂ ಬೇರೆ ಬೇರೆ ಕಡೆ, ಬೇರೆ ಬೇರೆ ವರ್ಷಗಳಲ್ಲಿ ಕೆಲಸ ಕಳೆದುಕೊಂಡವರಿದ್ದಾರೆ. ಆ ತಿಂಗಳುಗಳಲ್ಲಿ ಅವರು ಯುಗಾದಿಗೂ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ನಾಲ್ಕು ಜನರ ಎದುರು ಏನು ಹೇಳುವುದು ಎಂಬ ಸಂಕೋಚ. ರಕ್ತದೊತ್ತಡ ಏರುವುದು, ನಿದ್ದೆ ಹೋಗುವುದು, ಎದೆನೋವೆಂದು ತುರ್ತು ವಿಭಾಗಕ್ಕೆ ಬರುವುದು, ಇವೆಲ್ಲ ಅಂಥ ತಿಂಗಳುಗಳಲ್ಲೇ. ಅಷ್ಟು ಹಣ, ಅಷ್ಟು ಜಾಣರು, ನೂರು ವರ್ಷದ ಅನುಭವ ಇದ್ದ ಕಂಪನಿಯೇ 'ಇದು ನಮಗೆ ಕೂಡಿಬರಲಿಲ್ಲ' ಎಂದು ಬಹಿರಂಗವಾಗಿ ಹೇಳಿ, ಕೊಟ್ಟ ಲಾರಿಗಳ ಹೊಣೆಯನ್ನು ಹೊತ್ತು, ಉಳಿದ ಕೆಲಸಕ್ಕೆ ಮರಳಿತು. ಅದರ ಹಳದಿ ಯಂತ್ರಗಳು ಇಂದಿಗೂ ಜಗತ್ತಿನ ತುಂಬ ದುಡಿಯುತ್ತಿವೆ. ಒಬ್ಬ ಸಂಸಾರಸ್ಥನಿಗೆ ಅಷ್ಟು ಹೇಳಲು ಯಾಕೆ ನಾಚಿಕೆಯಾಗಬೇಕು? ಅಂಥ ಹೊತ್ತಿನಲ್ಲಿ ಫೋನು ಮಾಡಬೇಕಾದವರು ಅವರಲ್ಲ, ನಾವು. ಕಾರ್ಯಕಾರಿ ಸಮಿತಿಯವರು ಊಟದ ಪಟ್ಟಿಯ ಜೊತೆಗೆ ಇಂಥದೊಂದು ಪಟ್ಟಿಯನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲಿ.

ಕೊನೆಗೆ ಕೂಟದ ಮಾತು. ನಮ್ಮ ಫಲಕದ ಮೇಲೆ 'ಕನ್ನಡ' ಎಂದಿದೆ. ಒಳಗೆ ಓಡುವ ಇಂಜಿನು ಯಾವುದು? ಮಕ್ಕಳ ನಾಟಕದ ಸಂಭಾಷಣೆಯನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು, ಹಿಂದಿ ಚಿತ್ರಗೀತೆಗೆ ಕುಣಿಸಿ, ಸಮಿತಿಯ ಸಭೆಯನ್ನು ಇಂಗ್ಲಿಷಿನಲ್ಲಿ ನಡೆಸಿದರೆ ನಾವೂ ಬೇರೆಯವರ ಇಂಜಿನಿಗೆ ನಮ್ಮ ಹೆಸರು ಅಂಟಿಸಿದವರೇ. ಇಂಗ್ಲಿಷ್ ನಮಗೆ ಅನ್ನ ಕೊಟ್ಟಿದೆ, ಅದರ ಮೇಲೆ ಜಗಳವಿಲ್ಲ. ಆದರೆ ವರ್ಷಕ್ಕೆ ನಾಲ್ಕು ದಿನ, ಈ ನಾಲ್ಕು ಗೋಡೆಗಳ ನಡುವೆಯಾದರೂ ಕನ್ನಡದಲ್ಲಿ ಉಸಿರಾಡೋಣ. ಮಕ್ಕಳು ತಪ್ಪಾಗಿ ಮಾತನಾಡಲಿ, ನಾವು ನಗದೆ ಕೇಳೋಣ. ನಮ್ಮ ಇಂಜಿನು ಚಿಕ್ಕದಿರಬಹುದು, ಸದ್ದು ಮಾಡಬಹುದು, ಆದರೆ ಅದು ನಮ್ಮದಾಗಿರಲಿ.

 ಹೋಳಿಗೆ ತಣ್ಣಗಾಗುವ ಮುನ್ನ ಮುಗಿಸುತ್ತೇವೆ. ಸಕ್ಕರೆ ಕಾಯಿಲೆಯ ಮಾತು ಮುಂದಿನ ವರ್ಷಕ್ಕಿರಲಿ.

ಸಿರಿಗನ್ನಡಂ ಗೆಲ್ಗೆ.